ನೋಡೂಣು ಅನ್ನೋ ಕಾಲಂ

ನಮ್ಮ ಧಾರವಾಡ ಸೀಮೆಯ ಡಿಗ್ರಿ ಕಾಲೇಜುಗಳ ಫೀ ರಸೀದಿಯನ್ನು ಪೂರ್ತಿ ಓದುವವರು ಕಡಿಮೆ. ಟ್ಯೂಷನ್ ಫೀ, ಲೈಬ್ರರಿ ಫೀ, ಪರೀಕ್ಷೆ ಫೀ ಎಲ್ಲ ಮುಗಿದ ಮೇಲೆ ಕೆಳಗೆಲ್ಲೋ 'ಜಿಮ್ಖಾನಾ' ಅಂತ ಒಂದು ಸಾಲು ಇರುತ್ತದೆ. ಕೆಲವು ಕಡೆ ಅದರ ಜೊತೆಗೇ 'ಯೂನಿಯನ್' ಅಂತಲೂ ಇರುತ್ತದೆ. ಮುಂಬೈ ಪ್ರಾಂತದ ಕಾಲದ ರೂಢಿ ಅದು. ಕರ್ನಾಟಕ ವಿಶ್ವವಿದ್ಯಾಲಯವೇ 1949ರಲ್ಲಿ ಮುಂಬೈಯಲ್ಲಿ ಶುರುವಾಗಿ ಆಮೇಲೆ ಇಲ್ಲಿಗೆ ಬಂದದ್ದು, ಈಗಿನ ಕ್ಯಾಂಪಸ್ ಇರುವ ಛೋಟಾ ಮಹಾಬಳೇಶ್ವರ ಗುಡ್ಡ ಹತ್ತಿದ್ದು ಇನ್ನೂ ಆಮೇಲೆ. ಆಟ, ಗ್ಯಾದರಿಂಗ್, ಭಾಷಣ ಸ್ಪರ್ಧೆ, ಗೋಡೆ ಪತ್ರಿಕೆ ಎಲ್ಲ ಈ ಜಿಮ್ಖಾನಾದ ರೊಕ್ಕದಲ್ಲೇ ನಡೆಯಬೇಕು. ಆ ರೊಕ್ಕ ಹೇಗೆ ಖರ್ಚಾಗಬೇಕು ಅಂತ ಹೇಳಲು ವಿದ್ಯಾರ್ಥಿಗಳು ತಮ್ಮಲ್ಲೇ ಒಬ್ಬನನ್ನು ಆರಿಸುತ್ತಿದ್ದರು, ಅವನಿಗೆ ಜಿ.ಎಸ್. (ಜನರಲ್ ಸೆಕ್ರೆಟರಿ) ಅನ್ನುತ್ತಿದ್ದರು. ಎಂಬತ್ತರ ದಶಕದ ಕೊನೆಗೆ ರಾಜ್ಯದಲ್ಲಿ ಕಾಲೇಜು ಚುನಾವಣೆಗಳು ನಿಂತುಹೋದವು. ಫೀ ಮಾತ್ರ ನಿಂತಿಲ್ಲ.

ಈಗ ಹೆಚ್ಚಿನ ಕಾಲೇಜುಗಳಲ್ಲಿ ಸಿ.ಆರ್. (ಕ್ಲಾಸಿನ ಪ್ರತಿನಿಧಿ) ಅಂದರೆ ಹೋದ ಸೆಮಿಸ್ಟರಿನಲ್ಲಿ ಹೆಚ್ಚು ಮಾರ್ಕ್ಸ್ ತೆಗೆದವರು. ಓದುವ ಹುಡುಗಿಯ ಹೆಸರು ಬೋರ್ಡಿನ ಮೇಲೆ ಬೀಳುತ್ತದೆ, ಆಕೆಗೆ ಅದು ಬೇಕೋ ಬೇಡವೋ ಯಾರೂ ಕೇಳುವುದಿಲ್ಲ. ಅತಿಥಿಗಳಿಗೆ ಹೂಗುಚ್ಛ ಕೊಡುವುದು, ವಾಟ್ಸಾಪ್ ಗ್ರೂಪಿನಲ್ಲಿ ಟೈಮ್ ಟೇಬಲ್ ಹಾಕುವುದು, ಅಸೈನ್‌ಮೆಂಟ್ ಒಟ್ಟು ಮಾಡಿ ಸ್ಟಾಫ್ ರೂಮಿಗೆ ತಂದಿಡುವುದು ಅವಳ ಕೆಲಸ. ಹಾಗಿದ್ದರೆ ವಿದ್ಯಾರ್ಥಿಗಳ ಅಭಿಪ್ರಾಯ? ಅದಕ್ಕೆ ಫಾರ್ಮ್ ಇದೆ.

ನಾನು ಕೆಲವು ವರ್ಷ ಅತಿಥಿ ಉಪನ್ಯಾಸಕನಾಗಿ ಪಾಠ ಮಾಡಿದವನು. (ಇಲ್ಲಿ ಅತಿಥಿ ಅಂದರೆ ಪಗಾರ ಯಾವ ತಿಂಗಳು ಬರುತ್ತದೆಂದು ಗೊತ್ತಿಲ್ಲದವನು.) ಕಾಯಂ ನೌಕರರು ಒಲ್ಲೆ ಅಂದ ಕೆಲಸಗಳೆಲ್ಲ ಅತಿಥಿಗಳ ಪಾಲಿಗೆ ಬರುತ್ತವೆ. ಹಾಗೆ ನನ್ನ ಪಾಲಿಗೆ ಬಂದದ್ದು ಫೀಡ್‌ಬ್ಯಾಕ್. ಕಾಲೇಜುಗಳನ್ನು ಅಳೆದು ಗ್ರೇಡ್ ಕೊಡುವ ನ್ಯಾಕ್ ಸಂಸ್ಥೆಯ ತಂಡ ಬರುವ ವರ್ಷ ಅದು. 2017ರಲ್ಲಿ ನ್ಯಾಕ್ ತನ್ನ ಮೌಲ್ಯಮಾಪನದ ಕ್ರಮ ಬದಲಿಸಿದಾಗ ವಿದ್ಯಾರ್ಥಿಗಳ ಸಮಾಧಾನ ಅಳೆಯುವ ಸಮೀಕ್ಷೆಯೊಂದನ್ನು ಅದರಲ್ಲಿ ಸೇರಿಸಿತು. ಕಾಲೇಜು ತನ್ನ ವಿದ್ಯಾರ್ಥಿಗಳ ಹೆಸರು, ಇಮೇಲ್ ಪಟ್ಟಿ ಕೊಡಬೇಕು, ನ್ಯಾಕ್ ನೇರವಾಗಿ ಅವರಿಗೆ ಪ್ರಶ್ನೆ ಕಳಿಸುತ್ತದೆ. ಒಟ್ಟು 21 ಪ್ರಶ್ನೆ, ಇಪ್ಪತ್ತಕ್ಕೆ ನಾಲ್ಕರಿಂದ ಸೊನ್ನೆಯವರೆಗೆ ಅಂಕ, ಕೊನೆಯದರಲ್ಲಿ ಮಾತ್ರ ಸ್ವಂತ ಮಾತಿನಲ್ಲಿ ಮೂರು ಸಲಹೆ ಬರೆಯಬಹುದು. ಮೊದಲನೆಯ ಪ್ರಶ್ನೆ, ಸಿಲೆಬಸ್ಸಿನಲ್ಲಿ ಎಷ್ಟು ಭಾಗ ಕ್ಲಾಸಿನಲ್ಲಿ ಮುಗಿಯಿತು ಅಂತ. ಶೇ. 85ರಿಂದ 100 ಆದರೆ ನಾಲ್ಕು ಅಂಕ, ಶೇ. 30ಕ್ಕಿಂತ ಕಡಿಮೆಯಾದರೆ ಸೊನ್ನೆ. ಪರೀಕ್ಷೆ ಹತ್ತಿರ ಬರುವವರೆಗೆ ಸಿಲೆಬಸ್ ಪ್ರತಿಯ ಮುಖವನ್ನೇ ನೋಡದ ಹುಡುಗನೊಬ್ಬ 84 ಆಯಿತೋ 85 ಆಯಿತೋ ಎಂದು ಹೇಗೆ ಹೇಳುತ್ತಾನೋ, ದೇವರೇ ಬಲ್ಲ.

ಆ ಪ್ರಶ್ನೆಗಳು ಬರುವ ಮೊದಲು ಅಭ್ಯಾಸ ಆಗಲಿ ಅಂತ ನಮ್ಮ ಕಾಲೇಜು ಅದೇ ಮಾದರಿಯಲ್ಲಿ ತನ್ನದೊಂದು ಫಾರ್ಮ್ ಮಾಡಿತು. ಮಕ್ಕಳನ್ನು ತಂಡ ತಂಡವಾಗಿ ಕಂಪ್ಯೂಟರ್ ಲ್ಯಾಬಿಗೆ ಕರೆಸಿದೆವು. ಅರ್ಧ ಕಂಪ್ಯೂಟರ್‌ಗಳು ನಡೆಯುತ್ತಿರಲಿಲ್ಲ, ಉಳಿದವರು ಮೊಬೈಲಿನಲ್ಲೇ ತುಂಬಿದರು. ಅಣ್ಣಿಗೇರಿ ಕಡೆಯ ಹುಡುಗಿಯೊಬ್ಬಳು ಮೊದಲ ಪ್ರಶ್ನೆಯ ಮುಂದೆ ಬೆರಳು ನಿಲ್ಲಿಸಿ ಕೇಳಿದಳು: "ಸರ್, ಇದನ್ನ ಖರೇ ಬರೀಬೇಕ್ರಿ, ಇಲ್ಲಾ ಎಲ್ಲಾದಕ್ಕೂ ನಾಕು ಹಾಕಬೇಕ್ರಿ?"

ನಾನು ಬಾಯಿ ತೆಗೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಲ್ಯಾಬ್ ಅಟೆಂಡರ್ ಹೇಳಿದರು. "ನಾಕು ಹಾಕವ್ವಾ, ಮೂರೂವರಿ ಬಸ್ ತಪ್ಪತೈತಿ."

ಅವರು ಮೋಸ ಮಾಡು ಅಂತ ಹೇಳಿದ್ದಲ್ಲ. ಆಕೆಗೆ ಮನೆಗೆ ಹೋಗಬೇಕಿತ್ತು, ಅಟೆಂಡರ್‌ಗೆ ಬಾಗಿಲು ಹಾಕಬೇಕಿತ್ತು, ಕಾಲೇಜಿಗೆ ಗ್ರೇಡ್ ಬೇಕಿತ್ತು, ಮೂವರ ಅನುಕೂಲವೂ ನಾಲ್ಕರಲ್ಲೇ ಇತ್ತು. ಫಲಿತಾಂಶ ನೋಡಿದರೆ ನಮ್ಮಂಥ ಕಾಲೇಜು ಕೇಂಬ್ರಿಡ್ಜಿನಲ್ಲೂ ಇಲ್ಲ ಅನ್ನಬೇಕು. ಕೊನೆಯ ಪ್ರಶ್ನೆಗೆ ಬಂದ ಸಲಹೆಗಳು ಮಾತ್ರ ಬೇರೆಯೇ ಜಾತಿಯವು. 'ಲೇಡೀಸ್ ಟಾಯ್ಲೆಟ್‌ನಲ್ಲಿ ನೀರು ಬೇಕು' ಅನ್ನುವುದು ಹತ್ತಾರು ಕಡೆ. 'ಕೊನೇ ಪೀರಿಯಡ್ ಹತ್ತು ನಿಮಿಷ ಮೊದಲು ಬಿಡ್ರಿ, ಬಸ್ ಸಿಗೂದಿಲ್ಲ.' 'ಸರ್ ಭಾಳ ಚೊಲೋ ಕಲಸ್ತಾರ ಆದ್ರ ಅವರು ಹೇಳೂದು ತಿಳಿಯೂದಿಲ್ಲ.' ಈ ಕೊನೆಯದು ಯಾರ ಬಗ್ಗೆ ಅಂತ ಸ್ಟಾಫ್ ರೂಮಿನಲ್ಲಿ ಬಹಳ ಚರ್ಚೆಯಾಯಿತು. ಟಾಯ್ಲೆಟ್ಟಿನ ನೀರಿನ ಬಗ್ಗೆ ಚರ್ಚೆ ಆಗಲಿಲ್ಲ. ಇಪ್ಪತ್ತು ಪ್ರಶ್ನೆಗಳ ಸರಾಸರಿ ತೆಗೆಯಬಹುದಿತ್ತು, ನೀರಿಗೆ ಸರಾಸರಿ ಇಲ್ಲವಲ್ಲ.

ಇಂಥ ಸಮೀಕ್ಷೆಯನ್ನು ಬೈಯುವವರು ಸಾಮಾನ್ಯವಾಗಿ ಹುಡುಗರು ಖರೇ ಹೇಳುವುದಿಲ್ಲ ಅಂತ ಬೈಯುತ್ತಾರೆ. ಅದು ಸಣ್ಣ ತೊಂದರೆ. ಯಾರನ್ನು ಕೇಳುತ್ತೇವೆ ಅನ್ನುವುದು ಅದಕ್ಕಿಂತ ದೊಡ್ಡದು. ನ್ಯಾಕ್ ನಿಯಮದಂತೆ ಕಾಲೇಜಿನಲ್ಲಿ ಶೇ. 10ರಷ್ಟು ವಿದ್ಯಾರ್ಥಿಗಳು ಅಥವಾ 100 ಮಂದಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಉತ್ತರ ಬಂದರೆ ಸಾಕು, ವಿಶ್ವವಿದ್ಯಾಲಯವಾದರೆ ಶೇ. 10 ಅಥವಾ 500. ಸಂಖ್ಯೆ ಕಡಿಮೆಯಾಯಿತು ಅನ್ನುವುದು ನನ್ನ ತಕರಾರಲ್ಲ. ಅನ್ನ ಬೆಂದಿದೆಯೋ ಇಲ್ಲವೋ ನೋಡಲು ಪಾತ್ರೆಯನ್ನೆಲ್ಲ ಉಣ್ಣಬೇಕಿಲ್ಲ, ಅಗುಳು ಹಿಚುಕಿದರೆ ಸಾಕು. ಆದರೆ ಅಡುಗೆ ಬಲ್ಲವಳು ಸೌಟು ತಳಕ್ಕೆ ಹಾಕಿ ತಿರುವಿ ಅಗುಳು ತೆಗೆಯುತ್ತಾಳೆ. ಲೆಕ್ಕವೂ ಹಾಗೆಯೇ ಇದೆ. ಮೂರು ಸಾವಿರ ಮಂದಿಯ ಕಾಲೇಜಿರಲಿ, ಮೂವತ್ತು ಸಾವಿರದ ವಿಶ್ವವಿದ್ಯಾಲಯವಿರಲಿ, ಚೀಟಿ ಎತ್ತಿದ ಹಾಗೆ ಆರಿಸಿದ ಸುಮಾರು 400 ಜನರನ್ನು ಕೇಳಿದರೆ ಉತ್ತರ ಶೇ. 5ಕ್ಕಿಂತ ಹೆಚ್ಚು ಆಚೀಚೆ ಆಗುವುದು ಅಪರೂಪ. ನೂರು ಜನ ಅಂದರೆ ಶೇ. 10 ಆಚೀಚೆ. ಆದರೆ ತಾವಾಗಿ ಲಿಂಕ್ ಒತ್ತಿದವರು, ಅಥವಾ ಆ ಹೊತ್ತಿಗೆ ಲ್ಯಾಬಿನ ಹತ್ತಿರ ಸಿಕ್ಕವರು ಸಾವಿರ ಜನ ಇದ್ದರೂ ಈ ಲೆಕ್ಕ ನಡೆಯುವುದಿಲ್ಲ.

ಸಿಗದೇ ಇದ್ದವರು ಯಾರು? ನವಲಗುಂದ, ಕುಂದಗೋಳ, ಕಲಘಟಗಿಯಿಂದ ಬಂದು ಹೋಗುವವರು. ಹೊಲದಲ್ಲಿ ಹೆಸರುಕಾಯಿ ಬಿಡಿಸುವ ದಿನಗಳಲ್ಲಿ ಕ್ಲಾಸಿಗೆ ಬರದವರು. ರಾತ್ರಿ ಹುಬ್ಬಳ್ಳಿಯಲ್ಲಿ ಪಾರ್ಸೆಲ್ ಹಂಚಿ ಮುಂಜಾನೆ ಮೊದಲ ಪೀರಿಯಡ್ಡಿಗೆ ಹಿಂದಿನ ಬೆಂಚಿನಲ್ಲಿ ಮಲಗುವವರು. ಕಾಲೇಜಿನ ಬಗ್ಗೆ ಹೇಳಲು ಹೆಚ್ಚು ಮಾತು ಇರುವವರು ಇವರೇ. ರೋಲ್ ನಂಬರ್ ಪಟ್ಟಿಯಲ್ಲಿ ಪ್ರತಿ ಇಪ್ಪತ್ತನೆಯವರನ್ನು ಗುರುತು ಹಾಕಿ, ಹುಡುಕಿಕೊಂಡು ಹೋಗಿ, ಬಸ್ ಸ್ಟ್ಯಾಂಡಿನಲ್ಲೋ ಹಾಸ್ಟೆಲ್ಲಿನಲ್ಲೋ ನಿಲ್ಲಿಸಿ ಕೇಳುವುದು ಕಷ್ಟದ ಕೆಲಸ, ಆದರೆ ಆಗದ ಕೆಲಸ ಅಲ್ಲ. ಗುಡ್ಡದ ಮೇಲೆ ಸಂಖ್ಯಾಶಾಸ್ತ್ರ ವಿಭಾಗ ಇದೆ, ರಾಜ್ಯಶಾಸ್ತ್ರ ವಿಭಾಗ ಇದೆ, ಪತ್ರಿಕೋದ್ಯಮ ವಿಭಾಗ ಇದೆ. ಮೂರೂ ಸೇರಿ ಒಂದು ಸೆಮಿಸ್ಟರಿನ ಪ್ರಾಜೆಕ್ಟ್ ಅಂತ ಹಿಡಿದರೆ ಎಂಥ ಮತಸಮೀಕ್ಷೆ ಮಾಡಬಹುದು!

ಮಾಡಿದ ಮೇಲೆ ಏನು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿಯುತ್ತದೆ.

1933ರ ಫೆಬ್ರುವರಿ 9ರಂದು ಆಕ್ಸ್‌ಫರ್ಡಿನ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಒಂದು ಗೊತ್ತುವಳಿ ಮತಕ್ಕೆ ಬಿತ್ತು: ರಾಜನಿಗಾಗಿ, ದೇಶಕ್ಕಾಗಿ ಯಾವ ಕಾರಣಕ್ಕೂ ನಾವು ಯುದ್ಧ ಮಾಡುವುದಿಲ್ಲ. ಪರವಾಗಿ 275, ವಿರುದ್ಧ 153. ಒಂದು ಸಭಾಂಗಣದಲ್ಲಿ ಆ ರಾತ್ರಿ ಕೂತಿದ್ದ 428 ಮಂದಿಯ ಮತ ಅದು, ಆದರೆ ಪತ್ರಿಕೆಗಳು ಇಡೀ ಒಂದು ತಲೆಮಾರಿನ ತೀರ್ಪು ಅನ್ನುವಂತೆ ಬರೆದವು. ಆರು ವರ್ಷಕ್ಕೆ ಯುದ್ಧ ಬಂತು, ಅದೇ ತಲೆಮಾರು ಸಾಲುಸಾಲಾಗಿ ಸೇನೆಗೆ ಸೇರಿತು. ಅವರು ಸುಳ್ಳು ಹೇಳಿದ್ದರು ಅಂತ ನಾನು ತಿಳಿಯುವುದಿಲ್ಲ. ಆ ರಾತ್ರಿ ಅವರು ಅಭಿಪ್ರಾಯ ಕೊಟ್ಟಿದ್ದರು, ಮಾತು ಕೊಟ್ಟಿರಲಿಲ್ಲ. ಅದೇ ಆಕ್ಸ್‌ಫರ್ಡಿನಲ್ಲಿ 2017ರಲ್ಲಿ ಇನ್ನೊಂದು ನಡೆಯಿತು. ಬ್ರಿಟನ್ನಿನಲ್ಲಿ 2005ರಿಂದ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ರಾಷ್ಟ್ರಮಟ್ಟದ ಸಮೀಕ್ಷೆಯೊಂದು ನಡೆಯುತ್ತದೆ. ಅದರ ಅಂಕಗಳನ್ನು ಸರ್ಕಾರ ಫೀ ಏರಿಸುವ ಲೆಕ್ಕಕ್ಕೆ ಬಳಸಲು ಹೊರಟಾಗ ವಿದ್ಯಾರ್ಥಿ ಸಂಘಗಳು ಫಾರ್ಮ್ ತುಂಬಬೇಡಿ ಎಂದು ಕರೆ ಕೊಟ್ಟವು. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಸೇರಿ ಕೆಲವು ವಿಶ್ವವಿದ್ಯಾಲಯಗಳಲ್ಲಿ ಅರ್ಧದಷ್ಟೂ ಉತ್ತರ ಬರಲಿಲ್ಲ, ಹಾಗಾಗಿ ಅಲ್ಲಿನ ಫಲಿತಾಂಶವನ್ನೇ ಪ್ರಕಟಿಸಲಾಗಲಿಲ್ಲ. ನಮ್ಮ ಲ್ಯಾಬಿನಲ್ಲಿ ಇಂಥದ್ದು ನಡೆಯಲು ಸಾಧ್ಯವೇ ಇರಲಿಲ್ಲ. ತುಂಬಬೇಡಿ ಅನ್ನಲು ಯಾರೋ ಒಬ್ಬರಿಗೆ ಅಧಿಕಾರ ಬೇಕು, ಉಳಿದವರಿಗೆ ಅವರ ಮೇಲೆ ನಂಬಿಕೆ ಬೇಕು.

ವಿದ್ಯಾರ್ಥಿ ಸರ್ಕಾರ ಅನ್ನುವುದನ್ನು ನಾನು ಹತ್ತಿರದಿಂದ ನೋಡಿದ್ದು ಹಾಸ್ಟೆಲ್ ಮೆಸ್ಸಿನಲ್ಲಿ. ನಾನಿದ್ದಾಗ ಖರ್ಚು ಹಂಚಿಕೊಳ್ಳುವ ಪದ್ಧತಿ ಇತ್ತು. ತಿಂಗಳ ಒಟ್ಟು ಖರ್ಚನ್ನು ಉಂಡ ಊಟಗಳ ಲೆಕ್ಕಕ್ಕೆ ಭಾಗಿಸಿ ಬಿಲ್ಲು ಮಾಡುವುದು. ಪ್ರತಿ ತಿಂಗಳು ಒಬ್ಬ ಸೆಕ್ರೆಟರಿ. ರಾತ್ರಿ ಊಟ ಮುಗಿದ ಮೇಲೆ ತಾಟು ಸರಿಸಿ ಅಲ್ಲೇ ಕೈ ಎತ್ತಿಸಿ ಆರಿಸುತ್ತಿದ್ದೆವು. ಯಾರೂ ನಿಲ್ಲದಿದ್ದರೆ ತಡವಾಗಿ ಬಂದವನ ಕೊರಳಿಗೆ ಕಟ್ಟುತ್ತಿದ್ದೆವು. ಆತ ಮುಂಜಾನೆ ಎದ್ದು ಸೂಪರ್ ಮಾರ್ಕೆಟ್ಟಿಗೆ ಹೋಗಿ ಕಾಯಿಪಲ್ಲೆ ತರಬೇಕು, ಗ್ಯಾಸಿನವನ ಹಿಂದೆ ಬೀಳಬೇಕು, ರೊಟ್ಟಿ ಬಡಿಯುವ ಅವ್ವಾರಿಗೆ ವಾರದ ರೊಕ್ಕ ಕೊಡಬೇಕು, ಗೆಸ್ಟ್ ಊಟದ ರಿಜಿಸ್ಟರ್ ಬರೆಯಬೇಕು.

ಅಲ್ಲಿಯೂ ಪಕ್ಷಗಳಿದ್ದವು. ಗದಗ, ರೋಣದ ಕಡೆಯವರಿಗೆ ಜೋಳದ ರೊಟ್ಟಿ ಇಲ್ಲದೆ ಊಟ ಆಗದು. ಹಾನಗಲ್ಲ ಕಡೆಯವರಿಗೆ ಎರಡು ಸಲ ಅನ್ನ ಬೇಕು. ಒಂದು ಸಲ ಒಬ್ಬ ಹುಡುಗ, ಪ್ರತಿ ರವಿವಾರ ಹೋಳಿಗೆ, ಬಿಲ್ಲು ಮಾತ್ರ ಹೋದ ತಿಂಗಳಷ್ಟೇ ಅಂತ ಹೇಳಿ ಆರಿಸಿ ಬಂದ. ರೊಟ್ಟಿ ಪಕ್ಷ, ಅನ್ನ ಪಕ್ಷ ಎರಡೂ ಕಡೆಯ ಓಟು ಬಿದ್ದವು. ಹೋಳಿಗೆಯನ್ನೂ ಮಾಡಿಸಿದ, ಸುಳ್ಳಲ್ಲ. ತಿಂಗಳ ಕೊನೆಗೆ ಕೈ ತೊಳೆಯುವ ನಳದ ಪಕ್ಕದ ಗೋಡೆಗೆ ಬಿಲ್ಲು ಅಂಟಿಸಬೇಕಾಯಿತು. ಕಡಲೆಬೇಳೆ ಇಷ್ಟು, ಬೆಲ್ಲ ಇಷ್ಟು, ತುಪ್ಪ ಇಷ್ಟು, ಎಣ್ಣೆ ಡಬ್ಬಿ ಇಷ್ಟು. ಒದ್ದೆ ಕೈಯಲ್ಲೇ ಹುಡುಗರು ಸಾಲು ಸಾಲು ಬೆರಳಿಟ್ಟು ಓದಿದರು, ಕಾಗದದ ಅಂಚೆಲ್ಲ ನೆನೆದು ಮಸಿ ಹರಡಿತ್ತು. "ಏನಲೇ ಸೆಕ್ರೆಟರಿ, ಎಣ್ಣಿ ಡಬ್ಬಿ ಒಂದು ಹೆಚ್ಚಿಗಿ ಹತ್ತೈತೆಲ್ಲ, ಮೈಗೆ ಹಚಗೊಂಡು ಜಳಕಾ ಮಾಡಿದೇನು?" ಅವನು ರಸೀದಿ ತೆಗೆದು ತೋರಿಸಿದ. ಒಂದು ರಸೀದಿ ಸಿಗಲಿಲ್ಲ. ಆ ಡಬ್ಬಿಯ ರೊಕ್ಕವನ್ನು ಅವನೇ ಹಾಕಬೇಕು ಅಂತ ಅರ್ಧ ಮಂದಿ, ಹೋಗಲಿ ಬಿಡು ಅಂತ ಅರ್ಧ ಮಂದಿ. ರಾತ್ರಿ ಹನ್ನೊಂದರ ತನಕ ಜಗಳ ನಡೆಯಿತು. ಕೊನೆಗೆ ಅರ್ಧ ಅವನು, ಅರ್ಧ ಮೆಸ್ಸು ಅಂತ ಇತ್ಯರ್ಥವಾಯಿತು. ಮರುದಿನ ಅವನು ತಾಟು ಹಿಡಿದುಕೊಂಡು ಅದೇ ಸಾಲಿನಲ್ಲಿ, ಬೈದವರ ಹಿಂದೆಯೇ ನಿಂತಿದ್ದ. ಬೇರೆ ಎಲ್ಲಿಗೆ ಹೋಗುತ್ತಾನೆ?

ಕಾಲೇಜಿನ ಚುನಾವಣೆ ಅಂದರೆ ನನಗೆ ಬೇಕಾದದ್ದು ಇಷ್ಟೇ. ಮಾತು ಕೊಟ್ಟವನು ಮರುದಿನ ಅದೇ ಸಾಲಿನಲ್ಲಿ ನಿಲ್ಲಬೇಕು. ಟಾಯ್ಲೆಟ್ಟಿನ ನೀರಿನ ಬಗ್ಗೆ ಹತ್ತಾರು ಹುಡುಗಿಯರು ಬರೆದಾಗ ಆ ಕಾಗದ ಹಿಡಿದು ಪ್ರಿನ್ಸಿಪಾಲರ ಕೋಣೆಗೆ ಹೋಗಿ, ಮರಳಿ ಬಂದು "ಹಿಂಗಂದ್ರು" ಅಂತ ಹೇಳಲು ಬಾಧ್ಯಳಾದ ಒಬ್ಬ ಹುಡುಗಿ ಇರಬೇಕಿತ್ತು. ಮಾರ್ಕ್ಸ್ ಮೇಲೆ ಸಿ.ಆರ್. ಆದವಳಿಗೆ ಆ ಬಾಧ್ಯತೆ ಇಲ್ಲ. ಅವಳನ್ನು ಕಳಿಸಿದವರು ಗೆಳತಿಯರಲ್ಲ, ಮಾರ್ಕ್ಸ್ ಕಾರ್ಡು.

ಹಳೆಯ ಚುನಾವಣೆಗಳು ಚೆಂದ ಇದ್ದವು ಅಂತ ಇದರ ಅರ್ಥ ಅಲ್ಲ. ನಮ್ಮ ಸೋದರಮಾವ ಎಂಬತ್ತರ ದಶಕದ ಆರಂಭದಲ್ಲಿ ಇಲ್ಲಿ ಓದಿದವರು, ಗೋಕಾಕ ಚಳವಳಿಯಲ್ಲಿ ಕಲಾಭವನದ ಮುಂದೆ ಘೋಷಣೆ ಕೂಗಿದವರು. ಆ ಕಾಲದ ವಿದ್ಯಾರ್ಥಿಗಳ ಮಾತಿಗೆ ಊರು ಕಿವಿ ಕೊಡುತ್ತಿತ್ತು ಅಂತ ಅವರು ಈಗಲೂ ಎದೆ ಸೆಟೆಸಿ ಹೇಳುತ್ತಾರೆ. ಅದೇ ಉಸಿರಿನಲ್ಲಿ ಮಟಾಡೋರ್ ವ್ಯಾನಿನ ಕಥೆಯನ್ನೂ ಹೇಳುತ್ತಾರೆ. ಅವರ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಆರಿಸುವುದು ಸಿ.ಆರ್.ಗಳನ್ನು, ಸಿ.ಆರ್.ಗಳು ಸೇರಿ ಆರಿಸುವುದು ಜಿ.ಎಸ್.ನನ್ನು. ಅಂದರೆ ಗೆಲ್ಲಲು ಮೂವತ್ತೋ ನಲವತ್ತೋ ಜನರ ಓಟು ಸಾಕು. ಅಷ್ಟು ಜನರನ್ನು ಒಲಿಸುವುದಕ್ಕಿಂತ ಮಟಾಡೋರಿನಲ್ಲಿ ತುಂಬಿಕೊಂಡು ದಾಂಡೇಲಿಗೆ ಹೋಗಿ ಓಟಿನ ದಿನ ಮುಂಜಾನೆ ಮರಳಿ ತರುವುದು ಸುಲಭ. "ರೆಸಾರ್ಟ್ ರಾಜಕಾರಣ ಕಂಡುಹಿಡದಾವ್ರು ನಾವ ನೋಡಪಾ, ಆಗ ರೆಸಾರ್ಟ್ ಇರಲಿಲ್ಲ ಅಷ್ಟ" ಅಂತ ನಗುತ್ತಾರೆ. ಆಮೇಲೆ ಹೊಡೆದಾಟ, ಸೈಕಲ್ ಚೈನು, ಹೊರಗಿನ ಮುಖಂಡರ ರೊಕ್ಕ. ಅದು ನಗುವ ಮಾತಲ್ಲ.

ಮಾವನ ಕಡೆ ಒಂದು ಲಾಂಗ್ ಬುಕ್ ಇತ್ತಂತೆ. ಅವರ ಗುಂಪಿನ ಮತಸಮೀಕ್ಷೆ ಅದು. ಹೆಸರು, ಊರು, ರೂಮ್ ನಂಬರ್, ಜಾತಿ, ಆಮೇಲೆ ಮೂರು ಕಾಲಂ: ನಮ್ಮಾಂವ, ಅವರಾಂವ, ನೋಡೂಣು. ಜಾತಿಯ ಕಾಲಂ ತುಂಬಿದ ಕೂಡಲೇ ಮುಂದಿನ ಎರಡರಲ್ಲಿ ಯಾವುದು ಅಂತ ಮುಕ್ಕಾಲು ಪಾಲು ಗೊತ್ತಾಗುತ್ತಿತ್ತು. ಅದೇ ಆ ಪುಸ್ತಕದ ಹೊಲಸು. ಆದರೆ ಮೂರನೆಯ ಕಾಲಮ್ಮಿನಲ್ಲಿ ಬಿದ್ದವರ ರೂಮಿಗೆ ಅಭ್ಯರ್ಥಿಯೇ ಹೋಗಬೇಕಿತ್ತು, ಚಹಾ ಕುಡಿಸಬೇಕಿತ್ತು, ಏನು ಬೇಕು ಅಂತ ಕೇಳಬೇಕಿತ್ತು. ಕಾಲೇಜು ಲೈಬ್ರರಿ ರಾತ್ರಿ ಎಂಟರ ತನಕ ತೆರೆದದ್ದು ಅಂಥ ಒಂದು ಚಹಾದಿಂದಲೇ ಅಂತ ಮಾವ ಹೇಳುತ್ತಾರೆ. ನಮ್ಮ ಫಾರ್ಮಿನ ನಾಲ್ಕು, ಮೂರು, ಎರಡು, ಒಂದು, ಸೊನ್ನೆಯಲ್ಲಿ ನೋಡೂಣು ಅನ್ನುವವರಿಗೆ ಜಾಗವಿಲ್ಲ. ಇದ್ದರೂ ಅವರ ರೂಮಿಗೆ ಯಾರು ಹೋಗುತ್ತಿದ್ದರು?

ಒಂದು ಕಾಲಯೋಗ ನೋಡಿ. ಸಂವಿಧಾನದ 61ನೆಯ ತಿದ್ದುಪಡಿ 1989ರ ಮಾರ್ಚ್ 28ರಂದು ಜಾರಿಗೆ ಬಂದು ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ದೇಶದ ಪ್ರಧಾನಿ ಯಾರಾಗಬೇಕು ಅಂತ ಹೇಳುವ ಬುದ್ಧಿ ಪಿಯುಸಿ ಮುಗಿಸಿದವರಿಗೆ ಇದೆ ಅಂತ ಸಂಸತ್ತು ಒಪ್ಪಿದ ಹೊತ್ತಿಗೇ ಇಲ್ಲಿ ಜಿ.ಎಸ್. ಯಾರಾಗಬೇಕು ಅನ್ನುವ ಹಕ್ಕು ಹೋಯಿತು. ಇಂದಿಗೂ 21 ತುಂಬಿದ ಎಂ.ಎ. ಹುಡುಗಿ ತನ್ನ ಊರಿನ ಗ್ರಾಮ ಪಂಚಾಯತಿಗೆ ನಿಲ್ಲಬಹುದು. ಅರ್ಧದಷ್ಟು ಸ್ಥಾನ ಹೆಣ್ಣುಮಕ್ಕಳಿಗೇ ಇದೆ. ಕಾಲೇಜಿನಲ್ಲಿ ಅವಳು ನಿಲ್ಲುವ ಹಾಗಿಲ್ಲ. ಗದಗಿನಲ್ಲಿ ಪಂಚಾಯತ್ ರಾಜ್ ಎಂಬುದನ್ನು ಹೆಸರಿನಲ್ಲೇ ಇಟ್ಟುಕೊಂಡ ವಿಶ್ವವಿದ್ಯಾಲಯ ಇದೆ, ಅದರ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ್ದರು. ಸೊಸಾಯಿಟಿ ಚುನಾವಣೆ, ಹಾಲಿನ ಡೇರಿ ಚುನಾವಣೆ ನೋಡುತ್ತಲೇ ಬೆಳೆದ ಮಕ್ಕಳು ನಮ್ಮವರು. ಓಟು ಅಂದರೆ ಏನು ಅಂತ ಅವರಿಗೆ ಹೊಸದಾಗಿ ಕಲಿಸಬೇಕಿಲ್ಲ.

ಹೊಡೆದಾಟಕ್ಕೆ ಮದ್ದು ಹುಡುಕುವ ಕೆಲಸವೂ ಆಗಿದೆ. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಜೆ.ಎಂ. ಲಿಂಗ್ಡೋ ಅವರ ಸಮಿತಿ 2006ರಲ್ಲಿ ವರದಿ ಕೊಟ್ಟಿತು, ಅದೇ ವರ್ಷ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿ ಮಾಡಲು ಹೇಳಿತು. ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟಬಾರದು. ಅಚ್ಚು ಹಾಕಿಸಿದ ಪೋಸ್ಟರ್ ಬೇಡ, ಕೈಯಲ್ಲಿ ಬರೆದದ್ದು ಮಾತ್ರ. ಶೇ. 75 ಹಾಜರಿ ಇರಬೇಕು, ಬಾಕಿ ವಿಷಯ ಇರಬಾರದು. ಪದಾಧಿಕಾರಿ ಸ್ಥಾನಕ್ಕೆ ನಿಲ್ಲಲು ಒಂದೇ ಅವಕಾಶ. ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲ ಹತ್ತು ದಿನದೊಳಗೆ ಮುಗಿಯಬೇಕು. ಒಂದೇ ಅವಕಾಶ ಅನ್ನುವುದು ನನಗೆ ಹಿಡಿಸುವುದಿಲ್ಲ. ಸೋತವನು ಮುಂದಿನ ವರ್ಷ ಮತ್ತೆ ಬಂದು ಕೇಳುವುದರಲ್ಲೇ ಅರ್ಧ ಪಾಠ ಇದೆ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪ್ರತಿನಿಧಿಗಳ ಮೂಲಕ ಆರಿಸುವ ಪದ್ಧತಿಗೂ ವರದಿ ಜಾಗ ಕೊಟ್ಟಿದೆ, ಅದನ್ನು ಓದಿದಾಗ ನನಗೆ ಮಾವನ ಮಟಾಡೋರು ನೆನಪಾಯಿತು. ಮೂರು ಸಾವಿರ ಜನರನ್ನು ದಾಂಡೇಲಿಗೆ ಒಯ್ಯಲು ಆಗುವುದಿಲ್ಲ, ನೇರ ಚುನಾವಣೆಯ ದೊಡ್ಡ ಗುಣವೇ ಅದು. ಶೈಕ್ಷಣಿಕ ವರ್ಷ ಶುರುವಾದ ಆರರಿಂದ ಎಂಟು ವಾರದೊಳಗೆ ಚುನಾವಣೆ ನಡೆಯಬೇಕು ಅನ್ನುವ ಶಿಫಾರಸನ್ನು ನಮ್ಮ ಕಡೆ ಹೇಗೆ ಪಾಲಿಸುತ್ತಾರೋ ಗೊತ್ತಿಲ್ಲ. ಎಂಟನೆಯ ವಾರಕ್ಕೆ ನಮ್ಮಲ್ಲಿ ಅಡ್ಮಿಷನ್ನೇ ಮುಗಿದಿರುವುದಿಲ್ಲ.

ಈಚೆಗೆ ಕ್ಯಾಂಪಸ್ ಚುನಾವಣೆ ಮತ್ತೆ ತರಬೇಕು ಅನ್ನುವ ಮಾತು ರಾಜ್ಯದಲ್ಲಿ ಎದ್ದಿದೆ. ಪಕ್ಷಗಳಿಗೆ ಅದರಲ್ಲಿ ತಮ್ಮ ತಮ್ಮ ಲೆಕ್ಕ ಇದ್ದೇ ಇದೆ. ಶ್ರೀನಗರ ಸರ್ಕಲ್ಲಿನ ಚಹಾದಂಗಡಿಯಲ್ಲಿ ರೋಣ ತಾಲೂಕಿನ ಎಂ.ಎ. ವಿದ್ಯಾರ್ಥಿನಿಯೊಬ್ಬಳು ಸಿಕ್ಕಿದ್ದಳು, ನನ್ನ ಹಳೆಯ ಶಿಷ್ಯೆ. ಲೇಡೀಸ್ ಹಾಸ್ಟೆಲ್ಲಿನ ನೀರು, ಗೇಟಿನ ಟೈಮು, ರಿಸಲ್ಟ್ ತಡ ಆಗುವುದು, ಎಲ್ಲದರ ಬಗ್ಗೆ ಎರಡು ಕಪ್ ಚಹಾ ಆಗುವಷ್ಟು ಮಾತಾಡಿದಳು. ಚುನಾವಣೆ ಬಂದರೆ ನಿಲ್ಲುತ್ತೀಯೇನವ್ವಾ ಅಂದೆ.

"ನಿಲ್ಲಾಕೇನ್ರಿ ಸರ್, ನಿಲ್ತೀನಿ. ಆದ್ರ ಪೋಸ್ಟರಿನ್ಯಾಗ ಫೋಟೋ ಹಾಕ್ತಾರಲ್ರಿ? ಅದು ವಾಟ್ಸಾಪಿನ್ಯಾಗ ಊರಿಗೆ ಹೋದ್ರ ನಮ್ಮಪ್ಪ ಓದೂದ ಬಿಡಸ್ತಾನ."

ಕೈಯಲ್ಲಿ ಬರೆದ ಪೋಸ್ಟರ್ ಮಾತ್ರ ಹಚ್ಚಬೇಕು ಅಂತ ನಿಯಮ ಇದೆ, ಫೋಟೋ ಇಲ್ಲದೆಯೂ ನಡೆಯುತ್ತದೆ ಎಂದೆ. ಅವಳ ಗೆಳತಿ ಅಷ್ಟರಲ್ಲಾಗಲೇ ಹಾಸ್ಟೆಲ್ಲಿನ ಯಾವ ಬ್ಲಾಕಿನಲ್ಲಿ ಯಾರು ಯಾರು ಓಟು ಹಾಕುತ್ತಾರೆ ಅಂತ ಬೆರಳು ಮಡಚಿ ಎಣಿಸತೊಡಗಿದ್ದಳು. ಇವಳು ಅವಳ ಕೈ ಹಿಡಿದು ನಿಲ್ಲಿಸಿದಳು.

"ಹಂಗಾರ ನೋಡೂಣ್ರಿ ಸರ್" ಅಂದಳು.